ಸಾಲಕ್ಕೆ ಅರ್ಜಿ ಹಾಕಿಸುವ ಮಿಸ್ಟರಿ ಶಾಪಿಂಗ್: ಒಪ್ಪುವ ಮೊದಲು ತಿಳಿಯಬೇಕಾದದ್ದು, ಮಾಡುವಾಗ ಪಾಲಿಸಬೇಕಾದದ್ದು

ಗ್ರಾಹಕರ ಸೋಗಿನಲ್ಲಿ ಅಂಗಡಿಗೋ ಕಚೇರಿಗೋ ಹೋಗಿ, ಅಲ್ಲಿನ ಸೇವೆ ಹೇಗಿತ್ತೆಂದು ವರದಿ ಬರೆದುಕೊಟ್ಟು ಸಂಭಾವನೆ ಪಡೆಯುವ ಕೆಲಸಕ್ಕೆ ಮಿಸ್ಟರಿ ಶಾಪಿಂಗ್ ಎನ್ನುತ್ತಾರೆ. ಹೋಟೆಲಿನಲ್ಲಿ ಊಟ ಮಾಡುವುದು, ಪೆಟ್ರೋಲ್ ಬಂಕಿನಲ್ಲಿ ಅಳತೆ ಗಮನಿಸುವುದು, ಮೊಬೈಲ್ ಅಂಗಡಿಯಲ್ಲಿ ಬೆಲೆ ವಿಚಾರಿಸುವುದು ಇವೆಲ್ಲ ಈ ಬಗೆಯ ಕೆಲಸಗಳೇ. ಅಂಥ ಭೇಟಿ ಮುಗಿಸಿ ಹೊರಬಂದಾಗ ನಿಮ್ಮದೆಂಬುದು ಅಲ್ಲಿ ಏನೂ ಉಳಿಯುವುದಿಲ್ಲ. ಸಾಲದ ವಿಷಯ ಹಾಗಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ಯಾವುದೋ ಹಣಕಾಸು ಕಂಪನಿಯ ಶಾಖೆಗೆ ಹೋಗಿ ಅಲ್ಪಾವಧಿ ಸಾಲಕ್ಕೆ ಅರ್ಜಿ ಕೊಟ್ಟರೆ, ನಿಮ್ಮ ಪ್ಯಾನ್ ಸಂಖ್ಯೆ, ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ನಿಜವಾದದ್ದೇ ಆಗಿರುತ್ತವೆ, ಮತ್ತು ನೀವು ಪರೀಕ್ಷಿಸಲು ಬಂದವರೆಂಬುದು ಆ ದಾಖಲೆಗಳಿಗೆ ಗೊತ್ತಿರುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂಥ ಕೆಲಸವನ್ನು ಒಪ್ಪಬೇಕು ಅಥವಾ ಬಿಡಬೇಕು.

ಈ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗುರುತು ಹೇಳದೆ ಹೋಗಿ ನೋಡುವ ಪದ್ಧತಿ ಹಣಕಾಸು ವ್ಯವಸ್ಥೆಯಲ್ಲಿ ಹೊಸದೂ ಅಲ್ಲ; ಹರಿದ ನೋಟುಗಳನ್ನು ಬ್ಯಾಂಕ್ ಶಾಖೆಗಳು ಬದಲಾಯಿಸಿಕೊಡುತ್ತಿವೆಯೇ ಎಂದು ತಿಳಿಯಲು ರಿಸರ್ವ್ ಬ್ಯಾಂಕಿನವರೇ ಗುರುತು ಮುಚ್ಚಿಟ್ಟು ಭೇಟಿ ಕೊಡುವುದುಂಟು. ಸಾಲ ಕೊಡುವ ಕೌಂಟರಿನಲ್ಲಿ ಸಾಮಾನ್ಯ ಜನರಿಗೆ ಬಡ್ಡಿಯನ್ನು ಹೇಗೆ ವಿವರಿಸುತ್ತಾರೆ ಎಂಬುದು ಯಾರಾದರೂ ಕುಳಿತು ನೋಡಬೇಕಾದ ಸಂಗತಿಯೇ. ಆದರೆ ಅದಕ್ಕಾಗಿ ನಿಮ್ಮ ಸಾಲದ ಚರಿತ್ರೆಯನ್ನು ಒತ್ತೆಯಿಡುವ ಅಗತ್ಯ ಬಹುಪಾಲು ಸಂದರ್ಭಗಳಲ್ಲಿ ಇರುವುದಿಲ್ಲ.

ಕೆಲಸ ಎಲ್ಲಿಗೆ ನಿಲ್ಲುತ್ತದೆ?

ಕೆಲಸದ ವಿವರ ಕೈಗೆ ಬಂದೊಡನೆ ಸಂಭಾವನೆ ಎಷ್ಟೆಂದು ನೋಡುವುದಕ್ಕಿಂತ ಮೊದಲು, ನಿಮ್ಮನ್ನು ಎಲ್ಲಿಯವರೆಗೆ ಹೋಗಲು ಹೇಳಿದ್ದಾರೆ ಎಂಬುದನ್ನು ನೋಡಿ. ಬರೀ ವಿಚಾರಿಸಿ ಬರುವುದು ಒಂದು ಹಂತ. ಎಷ್ಟು ಸಾಲಕ್ಕೆ ಅರ್ಹರೆಂದು ನೋಡಿಸಿಕೊಳ್ಳುವುದು ಎರಡನೆಯದು. ಪೂರ್ಣ ಅರ್ಜಿ ಕೊಡುವುದು ಮೂರನೆಯದು, ಹಣ ಖಾತೆಗೆ ಬರುವವರೆಗೆ ಹೋಗಿ ಆಮೇಲೆ ತೀರಿಸುವುದು ನಾಲ್ಕನೆಯದು. ಕೆಲಸ ಕೊಡುವವರು ಈ ನಾಲ್ಕನ್ನೂ ‘ಸಾಲದ ಬಗ್ಗೆ ವಿಚಾರಿಸಿ’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಬರೆದಿದ್ದರೆ, ಯಾವ ಹಂತದಲ್ಲಿ ನಿಲ್ಲಬೇಕೆಂದು ಬರಹದಲ್ಲೇ ಕೇಳಿ ಉತ್ತರ ಪಡೆಯಿರಿ.

ಮೊದಲನೆಯ ಹಂತಕ್ಕೂ ಎರಡನೆಯದಕ್ಕೂ ನಡುವೆ ಇರುವ ಗೆರೆ ಅನೇಕರ ಕಣ್ಣಿಗೆ ಬೀಳುವುದಿಲ್ಲ. ಅರ್ಜಿಯ ಕಾಗದಕ್ಕೆ ಸಹಿ ಹಾಕಿದಾಗ ಮಾತ್ರ ಅರ್ಜಿ ಹಾಕಿದಂತೆ ಎಂದು ಹಿರಿಯರು ತಿಳಿದಿರುತ್ತಾರೆ. ಈಗಿನ ವ್ಯವಸ್ಥೆಯಲ್ಲಿ ಪ್ಯಾನ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಹೇಳಿ, ಬಂದ ಒಟಿಪಿಯನ್ನು ಓದಿ ಹೇಳಿದ ಕ್ಷಣವೇ, ನೀವು ಮಾಡಿದ ಸಾಲಗಳ ಮತ್ತು ಅವನ್ನು ತೀರಿಸಿದ ಬಗೆಯ ವಿವರವಿರುವ ನಿಮ್ಮ ಸಾಲದ ವರದಿಯನ್ನು ತೆಗೆಯಲು ಒಪ್ಪಿಗೆ ಕೊಟ್ಟಂತಾಗಿರುತ್ತದೆ. ಟಿ.ವಿ., ಫ್ರಿಜ್ ಮಾರುವ ಅಂಗಡಿಯೊಳಗೆ ಮೇಜು ಹಾಕಿಕೊಂಡು ಕುಳಿತಿರುವ ಇಎಂಐ ಪ್ರತಿನಿಧಿ ‘ಸುಮ್ಮನೆ ಎಷ್ಟು ಬರುತ್ತದೆ ನೋಡೋಣ ಸರ್, ಒಟಿಪಿ ಹೇಳಿ’ ಎನ್ನುವುದು ಈ ಗೆರೆಯ ಮೇಲೆಯೇ. ಅಲ್ಲಿಂದಾಚೆಗೆ ಸಾಲ ಬೇಡವೆಂದು ಎದ್ದು ಬಂದರೂ, ಇಂಥ ದಿನ ಇಂಥ ಕಂಪನಿ ನಿಮ್ಮ ವರದಿಯನ್ನು ಕೇಳಿತು ಎಂಬ ದಾಖಲೆ ಉಳಿಯಬಹುದು.

ಭಾರತದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು 2005ರ ಕಾಯ್ದೆಯ ಅಡಿಯಲ್ಲಿ ಜನರ ಸಾಲದ ಮಾಹಿತಿಯನ್ನು ಇಟ್ಟುಕೊಂಡಿರುತ್ತವೆ. ಸಾಲ ತೀರಿಸುವಲ್ಲಿ ನೀವೆಷ್ಟು ನಂಬಿಕಸ್ಥರೆಂದು ಸೂಚಿಸುವ ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಸಾಲದ ಅರ್ಜಿಯ ಮೇಲೆ ಸಾಲದಾತರು ಮಾಡುವ ವಿಚಾರಣೆ, ಅಂದರೆ ನಿಮ್ಮ ವರದಿಯನ್ನು ತರಿಸಿ ನೋಡುವುದು, ಈ ಅಂಕವನ್ನು ಸ್ವಲ್ಪ ಇಳಿಸಬಹುದು. ನಿಮ್ಮ ವರದಿಯನ್ನು ನೀವೇ ತೆರೆದು ನೋಡಿದರೆ ಇಳಿಯುವುದಿಲ್ಲ. ಒಂದು ವಿಚಾರಣೆಯಿಂದ ದೊಡ್ಡ ಪೆಟ್ಟೇನೂ ಬೀಳದು. ಆದರೆ ತಿಂಗಳಲ್ಲಿ ನಾಲ್ಕಾರು ಕಂಪನಿಗಳಿಗೆ ಇದೇ ಕೆಲಸಕ್ಕಾಗಿ ಹೋದವರ ವರದಿಯನ್ನು ನೋಡುವ ಬ್ಯಾಂಕಿನ ಅಧಿಕಾರಿಗೆ, ಇವರಿಗೆ ಎಲ್ಲಿಯೂ ಸಾಲ ಹುಟ್ಟುತ್ತಿಲ್ಲ, ಅದಕ್ಕೇ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಾರೆ ಎನಿಸುವುದು ಸಹಜ. ಅದು ಸಂಭಾವನೆಗಾಗಿ ಮಾಡಿದ ಕೆಲಸವೆಂದು ಬರೆಯಲು ಆ ವರದಿಯಲ್ಲಿ ಅಂಕಣವಿಲ್ಲ.

ಆದ್ದರಿಂದ ನನ್ನ ಸಲಹೆ ಇದು: ಒಟಿಪಿಗಿಂತ ಮೊದಲೇ ನಿಲ್ಲುವ ಕೆಲಸಗಳನ್ನು ಮಾತ್ರ ಒಪ್ಪಿ. ಮೂರನೆಯ ಹಂತದ ಕೆಲಸವನ್ನು, ಸಾಲ ಕೊಡುವ ಕಂಪನಿಯೇ ಬರಹದ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಯೋಚಿಸಿ. ನಾಲ್ಕನೆಯದನ್ನು ಬಿಟ್ಟುಬಿಡಿ.

ಕೆಲಸ ಕೊಟ್ಟವರು ಯಾರು?

ಸರಿಯಾದ ಏರ್ಪಾಟಿನಲ್ಲಿ ಸಾಲ ಕೊಡುವ ಕಂಪನಿಯೇ ತನ್ನ ಶಾಖೆಗಳ ನಡವಳಿಕೆಯನ್ನು ತಿಳಿಯಲು ಒಂದು ಏಜೆನ್ಸಿಯನ್ನು ನೇಮಿಸುತ್ತದೆ, ಆ ಏಜೆನ್ಸಿ ನಿಮಗೆ ಕೆಲಸ ಕೊಡುತ್ತದೆ. ಇಲ್ಲಿ ಮೂರು ಸಂಗತಿಗಳನ್ನು ಕೇಳಲೇಬೇಕು. ಪರೀಕ್ಷೆಗೆ ಒಳಗಾಗುವ ಕಂಪನಿಯೇ ಇದನ್ನು ಮಾಡಿಸುತ್ತಿದೆಯೇ ಅಥವಾ ಅದರ ಪ್ರತಿಸ್ಪರ್ಧಿಯೇ? ಪರೀಕ್ಷೆಯ ಅರ್ಜಿಯಿಂದ ನಿಮ್ಮ ಸಾಲದ ವರದಿಯಲ್ಲಿ ಬೀಳುವ ವಿಚಾರಣೆಯನ್ನು ತೆಗೆಸುವ ಹೊಣೆ ಯಾರದು? ನೀವು ಕೊಡುವ ದಾಖಲೆಗಳನ್ನು ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ? ಪ್ರತಿಸ್ಪರ್ಧಿ ಮಾಡಿಸುವ ಕೆಲಸವಾದರೆ ಬರೀ ವಿಚಾರಿಸಿ ಬರುವ ಮೊದಲ ಹಂತದಿಂದಾಚೆಗೆ ಹೋಗಬೇಡಿ. ಸಾಲ ಪಡೆಯುವ ಉದ್ದೇಶವೇ ಇಲ್ಲದೆ ಕೊಟ್ಟ ಅರ್ಜಿಯ ಬಗ್ಗೆ ಮುಂದೆ ಪ್ರಶ್ನೆ ಎದ್ದರೆ ನಿಮ್ಮ ಪರವಾಗಿ ನಿಲ್ಲುವವರು ಅಲ್ಲಿ ಯಾರೂ ಇರುವುದಿಲ್ಲ. ಕೆಲಸದ ಪತ್ರದಲ್ಲಿ ಏಜೆನ್ಸಿಯ ಹೆಸರು, ವಿಳಾಸ, ಸಂಭಾವನೆ, ಖರ್ಚಿನ ಮರುಪಾವತಿ, ನಿಲ್ಲಬೇಕಾದ ಹಂತ ಇಷ್ಟಾದರೂ ಇರಲಿ. ಬರೀ ವಾಟ್ಸಾಪ್ ಸಂದೇಶವನ್ನು ಪತ್ರವೆಂದು ಎಣಿಸಬೇಡಿ.

ಮಿಸ್ಟರಿ ಶಾಪಿಂಗ್ ಎಂಬ ಹೆಸರಿನಲ್ಲಿ ವಂಚನೆಯೂ ನಡೆಯಬಲ್ಲದು, ಮತ್ತು ಸಾಲದ ಕೆಲಸದಲ್ಲಿ ಅದರ ಪರಿಣಾಮ ಎಲ್ಲಕ್ಕಿಂತ ಭಾರಿಯಾದದ್ದು. ಅದರ ಬಗೆ ಹೀಗಿರುತ್ತದೆ: ‘ಈ ಆ್ಯಪಿನಲ್ಲಿ ಸಾಲ ತೆಗೆಯಿರಿ, ಬಂದ ಹಣವನ್ನು ನಾವು ಹೇಳಿದ ಖಾತೆಗೆ ಕಳಿಸಿ, ಸಾಲವನ್ನು ಕಂಪನಿಯೇ ಮುಚ್ಚುತ್ತದೆ, ನಿಮಗೆ ಕಮಿಷನ್ ಸಿಗುತ್ತದೆ.’ ಹಣ ಹೋಗುತ್ತದೆ, ಸಾಲ ಉಳಿಯುತ್ತದೆ, ಕಂತು ಕಟ್ಟುವವರು ನೀವಾಗುತ್ತೀರಿ. ಸಾಲದ ಹಣವನ್ನು ಸಾಲದಾತರ ಖಾತೆಗಲ್ಲದೆ ಇನ್ಯಾರದೇ ಖಾತೆಗೆ ಕಳಿಸಲು ಹೇಳಿದರೆ, ಕೆಲಸ ಕೊಡುವ ಮೊದಲು ನೋಂದಣಿ ಶುಲ್ಕವೆಂದೋ ಠೇವಣಿಯೆಂದೋ ಹಣ ಕೇಳಿದರೆ, ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಮೊದಲೇ ಕಳಿಸಲು ಒತ್ತಾಯಿಸಿದರೆ, ನಿಮ್ಮ ಫೋನಿನ ಪರದೆಯನ್ನು ಹಂಚಿಕೊಳ್ಳಲು ಹೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ. ಹಣವನ್ನು ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಯಾರು ಈ ಕೆಲಸವನ್ನು ಒಪ್ಪಬಾರದು?

ಮುಂದಿನ ಆರು ತಿಂಗಳೊಳಗೆ ಮನೆ ಕಟ್ಟಲು, ಟ್ರ್ಯಾಕ್ಟರ್ ಕೊಳ್ಳಲು ಅಥವಾ ಮಕ್ಕಳ ಓದಿಗೆ ಬ್ಯಾಂಕಿನಿಂದ ಸಾಲ ಪಡೆಯುವ ಯೋಚನೆ ಇರುವವರು ಅರ್ಜಿಯವರೆಗೆ ಹೋಗುವ ಕೆಲಸವನ್ನು ಮುಟ್ಟಬಾರದು. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ ಅರ್ಜಿದಾರರಾಗುವುದರಿಂದ ಅವರ ವರದಿಯೂ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ. ಈಗಾಗಲೇ ಕಂತು ಬಾಕಿ ಇರುವವರಿಗೂ, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತಿರುವವರಿಗೂ ಇದು ಬೇಡ.

ಮಹಿಳೆಯರ ಗುಂಪು ಸಾಲದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಪಾವಗಡ, ಶಿರಾ, ಮಧುಗಿರಿಯ ಕಡೆಯ ಹಳ್ಳಿಗಳಲ್ಲಿ ಮೈಕ್ರೋ ಫೈನಾನ್ಸ್ ಕಂಪನಿಗಳು ಕೊಡುವ ಇಂಥ ಸಾಲದಲ್ಲಿ ಗುಂಪಿನ ಸದಸ್ಯರು ಒಬ್ಬರಿಗೊಬ್ಬರು ಹೊಣೆಯಾಗಿರುತ್ತಾರೆ. ಅಲ್ಲಿ ಪರೀಕ್ಷೆಗೆಂದು ಹಾಕಿದ ಅರ್ಜಿಯ ಭಾರ ಅದರ ಸುದ್ದಿಯೇ ಗೊತ್ತಿಲ್ಲದ ನಾಲ್ಕು ಹೆಂಗಸರ ತಲೆಯ ಮೇಲೂ ಬೀಳುತ್ತದೆ. ಕಿರು ಸಾಲದ ವಸೂಲಿಯಲ್ಲಿನ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಮೊದಲು ಸುಗ್ರೀವಾಜ್ಞೆಯನ್ನೂ ಬಳಿಕ ಕಾಯ್ದೆಯನ್ನೂ ತರಬೇಕಾಯಿತು ಎಂದರೆ ಆ ಕ್ಷೇತ್ರದ ಸೂಕ್ಷ್ಮ ಎಷ್ಟೆಂದು ತಿಳಿಯುತ್ತದೆ. ಅಲ್ಲಿಗೆ ಈ ಕೆಲಸವನ್ನು ಕೊಂಡೊಯ್ಯಬೇಡಿ.

ಹೊರಡುವ ಮೊದಲು

ನಾಲ್ಕೂ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಒಂದಾದರೂ ಕಂಪನಿಯ ವರದಿಯನ್ನು ತೆಗೆದು ಉಳಿಸಿಟ್ಟುಕೊಳ್ಳಿ. ಆಮೇಲೆ ಏನು ಬದಲಾಯಿತೆಂದು ತೋರಿಸಲು ಇದೇ ಆಧಾರ. ವರದಿಯಲ್ಲಿ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಸರಿಯಿದ್ದರೆ, ಯಾವುದೇ ಸಾಲದಾತರು ನಿಮ್ಮ ವರದಿಯನ್ನು ತೆರೆದಾಗ ನಿಮಗೆ ಸಂದೇಶ ಬರಬೇಕು. ಗುರುತಿಗೆ ಆಧಾರ್ ತೋರಿಸಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನು ಒಯ್ಯಿರಿ. ಬರೀ ವಿಚಾರಿಸಿ ಬರುವ ಕೆಲಸವಾದರೆ ಯಾವ ಪ್ರತಿಯನ್ನೂ ಒಯ್ಯದಿರುವುದೇ ಒಳ್ಳೆಯದು, ಏಕೆಂದರೆ ಕೈಯಲ್ಲಿ ಇಲ್ಲದ್ದನ್ನು ಕೊಡಲು ಯಾರೂ ಒತ್ತಾಯಿಸಲಾರರು.

ಪರೀಕ್ಷಿಸಬೇಕಾದ ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾಗಿದೆಯೇ ಎಂದು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನೋಡಿ. ಸಾಲ ಕೊಡುವ ಆ್ಯಪ್‌ಗಳ ಪಟ್ಟಿಯನ್ನೂ 2025ರ ಜುಲೈಯಿಂದ ಅಲ್ಲಿ ಪ್ರಕಟಿಸಲಾಗುತ್ತಿದೆ. ಫೋನಿನ ಆ್ಯಪ್ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಯಾವ ಪ್ರಮಾಣವೂ ಅಲ್ಲ.

ಯಾವ ಪಾತ್ರ ಹಾಕಬೇಕೆಂಬುದು ಮುಂದಿನ ಪ್ರಶ್ನೆ. ‘ನೀವು ತಿಪಟೂರಿನ ಕೊಬ್ಬರಿ ವ್ಯಾಪಾರಿ, ಹರಾಜಿನ ದಿನ ಸರಕು ಕೊಳ್ಳಲು ತುರ್ತಾಗಿ ಹಣ ಬೇಕಾಗಿದೆ’ ಎಂದು ಕೆಲಸದ ಪತ್ರದಲ್ಲಿ ಬರೆದಿರಬಹುದು. ನೀವು ಶಾಲಾ ಶಿಕ್ಷಕರಾಗಿದ್ದರೆ ಆ ಪಾತ್ರವನ್ನು ಬೇಡವೆನ್ನಿ. ಬಾಯಿಮಾತಿನ ವಿಚಾರಣೆಯಲ್ಲಿಯೂ ನಿಮ್ಮ ಬದುಕಿಗೆ ಹತ್ತಿರವಾದ ಕಾರಣವನ್ನೇ ಹೇಳುವುದು ಸುರಕ್ಷಿತ. ಬರಹಕ್ಕೆ ಇಳಿದ ಅರ್ಜಿಯಲ್ಲಂತೂ ಉದ್ಯೋಗ, ಆದಾಯ, ವಿಳಾಸ, ಈಗಿರುವ ಸಾಲ ಇವುಗಳಲ್ಲಿ ಒಂದಕ್ಷರವೂ ಸುಳ್ಳಾಗಬಾರದು. ಸುಳ್ಳು ಹೇಳಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯಾಗಬಹುದು, ಬೇರೆಯವರಂತೆ ಸೋಗು ಹಾಕಿ ವಂಚಿಸುವುದಕ್ಕೆ 319ನೇ ಕಲಂ ಇದೆ. ಏಜೆನ್ಸಿ ಹೇಳಿಕೊಟ್ಟಿತು ಎಂಬುದು ನಿಮ್ಮನ್ನು ಕಾಯುವುದಿಲ್ಲ.

ಇನ್ನೊಂದು ಮಾತು ಬೆಂಗಳೂರಿಗಿಂತ ನಮ್ಮ ಊರಿಗೆ ಹೆಚ್ಚು ಅನ್ವಯಿಸುತ್ತದೆ. ತುಮಕೂರಿನಲ್ಲಿ ಕೌಂಟರಿನ ಹಿಂದೆ ಕುಳಿತವರು ನಿಮ್ಮ ಸೋದರತ್ತೆಯ ಮಗನ ಸಹಪಾಠಿಯಾಗಿರಬಹುದು. ಪರಿಚಿತರಿರುವ ಶಾಖೆಯನ್ನು ಬಿಟ್ಟು ಬೇರೆಯದನ್ನು ಕೇಳಿ. ಅದು ಸಿಗದಿದ್ದರೆ ಕೆಲಸವನ್ನು ಹಿಂದಿರುಗಿಸಿ.

ಶಾಖೆಯಲ್ಲಿ ಏನನ್ನು ಕೇಳಬೇಕು, ಏನನ್ನು ನೋಡಬೇಕು?

ಈ ಕೆಲಸದ ನಿಜವಾದ ಬೆಲೆ ಇರುವುದು ಇಲ್ಲಿ. ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಸಾಲದ ಒಪ್ಪಂದಕ್ಕೆ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಪತ್ರವನ್ನು ಕೊಡಬೇಕು. ಸಾಲದ ಮೊತ್ತ, ಬಡ್ಡಿ, ಎಲ್ಲ ಶುಲ್ಕಗಳು, ಅವೆಲ್ಲವೂ ಸೇರಿದ ವಾರ್ಷಿಕ ದರ, ದೂರು ಕೊಡಬೇಕಾದ ಅಧಿಕಾರಿ ಇವೆಲ್ಲ ಅದರಲ್ಲಿರಬೇಕು. ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಆ ಪತ್ರದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನಗಳವರೆಗೆ ಊರ್ಜಿತವಾಗಿರಬೇಕು. ಎಂದರೆ ಮನೆಗೆ ಒಯ್ದು ಓದಿ ಯೋಚಿಸಲು ಸಾಲಗಾರರಿಗೆ ಹಕ್ಕಿದೆ. ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ.

ಆದ್ದರಿಂದ ಕೌಂಟರಿನಲ್ಲಿ ಕೇಳಿ: ‘ಈ ಸಾಲದ ವಿವರಗಳ ಪತ್ರ ಕನ್ನಡದಲ್ಲಿ ಸಿಗುತ್ತದೆಯೇ? ಮಾದರಿಯನ್ನಾದರೂ ತೋರಿಸುವಿರಾ?’ ಪ್ಯಾನ್ ಕೊಟ್ಟ ಮೇಲೆಯೇ ನಿಮ್ಮ ಹೆಸರಿನ ಪತ್ರ ಸಿದ್ಧವಾಗುತ್ತದೆ ಎಂದು ಅವರು ಹೇಳಿದರೆ ಅದು ತಪ್ಪಲ್ಲ, ಆ ಉತ್ತರವನ್ನೇ ಬರೆದುಕೊಳ್ಳಿ. ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಮಾತ್ರ ಹೇಳಿದರೇ, ವಾರ್ಷಿಕ ದರವನ್ನು ಕೇಳಿದಾಗ ಮಾತು ತಿರುಗಿಸಿದರೇ, ವಿಮೆಯನ್ನು ಸಾಲದ ಜೊತೆ ತೆಗೆದುಕೊಳ್ಳಲೇಬೇಕೆಂದರೇ, ಕಂತು ತಪ್ಪಿದರೆ ಏನಾಗುತ್ತದೆಂದು ಬಿಡಿಸಿ ಹೇಳಿದರೇ ಎಂಬುದನ್ನು ಗಮನಿಸಿ.

ಒಂದು ಉದಾಹರಣೆಯನ್ನು ಕೌಂಟರಿಗೆ ಹೋಗುವ ಮೊದಲು ನೀವೇ ಲೆಕ್ಕ ಹಾಕಿ ಇಟ್ಟುಕೊಳ್ಳಿ. 30 ದಿನಕ್ಕೆ 10,000 ರೂಪಾಯಿ ಸಾಲ, ಬಡ್ಡಿ ತಿಂಗಳಿಗೆ ಶೇ. 2 ಎಂದುಕೊಳ್ಳೋಣ, ಬಡ್ಡಿ 200 ರೂಪಾಯಿ. ಪ್ರೊಸೆಸಿಂಗ್ ಶುಲ್ಕ 500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 90 ರೂಪಾಯಿ. ಶುಲ್ಕವನ್ನು ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು 9,410, ತಿರುಗಿ ಕಟ್ಟುವುದು 10,200. ಅಂದರೆ 9,410 ರೂಪಾಯಿಯನ್ನು ಒಂದು ತಿಂಗಳು ಬಳಸಿದ್ದಕ್ಕೆ 790 ರೂಪಾಯಿ ಖರ್ಚು. ವರ್ಷದ ಲೆಕ್ಕಕ್ಕೆ ತಂದರೆ ಶೇ. 102ರ ಹತ್ತಿರ. ‘ಎರಡೇ ಪರ್ಸೆಂಟ್’ ಎಂಬ ಮಾತಿಗೂ ಈ ಅಂಕಿಗೂ ಇರುವ ಅಂತರವನ್ನು ಸಿಬ್ಬಂದಿ ತಾವಾಗಿ ಹೇಳಿದರೇ, ಕೇಳಿದ ಮೇಲೆ ಹೇಳಿದರೇ, ಕೇಳಿದರೂ ಹೇಳಲಿಲ್ಲವೇ ಎಂಬುದು ನಿಮ್ಮ ವರದಿಯ ತಿರುಳಾಗಬೇಕು.

ಚಿನ್ನದ ಸಾಲದ ಕೌಂಟರಿನಲ್ಲಿ ಒಡವೆಯನ್ನು ತೂಗಿಸಲು ಹೇಳಿದ್ದರೆ ತೂಕ ನಿಮ್ಮ ಕಣ್ಣೆದುರೇ ನಡೆಯಲಿ. ಅಡವಿಡುವ ಮಾತಿಗೆ ಹೋಗಬೇಡಿ.

ಅರ್ಜಿ ಕೊಡಲೇಬೇಕಾದ ಕೆಲಸವಾದರೆ

ಸಾಲದಾತ ಕಂಪನಿಯ ಒಪ್ಪಿಗೆ ಇರುವ ಕೆಲಸದಲ್ಲಿಯೂ ನಾಲ್ಕು ಕಡೆ ಎಚ್ಚರ ಬೇಕು. ಮೊದಲನೆಯದು, ಅರ್ಜಿಯ ಮೇಲೆ ಕಂಪನಿಯವರು ಮನೆಗೆ ಬಂದು ವಿಚಾರಿಸಬಹುದು. ಕ್ಯಾತ್ಸಂದ್ರದಲ್ಲೋ ಬಟವಾಡಿಯಲ್ಲೋ ಅಕ್ಕಪಕ್ಕದ ಮನೆಯವರನ್ನು ‘ಇವರು ಇಲ್ಲಿ ಎಷ್ಟು ವರ್ಷದಿಂದ ಇದ್ದಾರೆ’ ಎಂದು ಕೇಳಿ ಹೋದರೆ, ಸಂಜೆಯೊಳಗೆ ನೀವು ಸಾಲ ಮಾಡುತ್ತಿದ್ದೀರಿ ಎಂಬ ಮಾತು ಬೀದಿ ದಾಟಿರುತ್ತದೆ. ಮನೆಯವರಿಗೆ ಮೊದಲೇ ತಿಳಿಸಿ. ಎರಡನೆಯದು, ಪರಿಚಿತರಿಬ್ಬರ ಮೊಬೈಲ್ ಸಂಖ್ಯೆಯನ್ನು ಅರ್ಜಿಯಲ್ಲಿ ಕೇಳುತ್ತಾರೆ. ಅವರನ್ನು ಕೇಳದೆ ಬರೆಯುವುದು ಅವರಿಗೆ ಮಾಡುವ ಅನ್ಯಾಯ. ಮೂರನೆಯದು, ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಇ-ಮ್ಯಾಂಡೇಟ್‌ಗೆ ಒಪ್ಪಿಗೆ ಕೊಡಬೇಡಿ, ಸಹಿ ಹಾಕಿದ ಖಾಲಿ ಚೆಕ್ಕನ್ನಂತೂ ಯಾವ ಕಾರಣಕ್ಕೂ ಕೊಡಬೇಡಿ. ನಾಲ್ಕನೆಯದು, ಆ್ಯಪಿನ ಮೂಲಕವಾದರೆ ಅದು ನಿಮ್ಮ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋಗಳನ್ನು ಕೇಳುವಂತಿಲ್ಲ. ಗುರುತು ಪರಿಶೀಲನೆಗೆ ಒಮ್ಮೆ ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿ ಕೇಳಬಹುದು, ಅದೂ ಒಪ್ಪಿಗೆ ಪಡೆದು. ಹೆಚ್ಚಿಗೆ ಕೇಳಿದರೆ ಅದನ್ನೇ ವರದಿಯಲ್ಲಿ ಬರೆದು ಕೆಲಸವನ್ನು ಅಲ್ಲಿಗೆ ಮುಗಿಸಿ.

ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ. ಮಂಜೂರಾತಿಯ ಸಂದೇಶ ಬಂದೊಡನೆ, ಹಣ ಬರುವ ಮೊದಲೇ, ಸಾಲ ಬೇಡವೆಂದು ಬರಹದಲ್ಲಿ ತಿಳಿಸಿ. ನೀವು ತಿಳಿಸುವಷ್ಟರಲ್ಲಿ ಹಣ ಖಾತೆಗೆ ಬಂದುಬಿಟ್ಟರೆ, ಡಿಜಿಟಲ್ ಸಾಲಗಳಿಗೆ ಹಿಂದೆ ಸರಿಯಲು ಕನಿಷ್ಠ ಒಂದು ದಿನದ ಅವಕಾಶವಿದೆ: ಅಸಲನ್ನೂ ಆ ದಿನಗಳ ಖರ್ಚನ್ನೂ ಕಟ್ಟಿದರೆ ದಂಡವಿಲ್ಲ. ಆದರೆ ಸಾಲದಾತರು ಸಾಲದ ವಿವರಗಳ ಪತ್ರದಲ್ಲಿ ಮೊದಲೇ ತಿಳಿಸಿದ್ದರೆ ಪ್ರೊಸೆಸಿಂಗ್ ಶುಲ್ಕವನ್ನು ಅವರು ಉಳಿಸಿಕೊಳ್ಳಬಹುದು. ಮೇಲಿನ ಉದಾಹರಣೆಯಲ್ಲಿ ಅದು 590 ರೂಪಾಯಿ. ನಿಮ್ಮ ಸಂಭಾವನೆ 500 ಆಗಿದ್ದರೆ ಕೆಲಸ ಮಾಡಿ 90 ರೂಪಾಯಿ ಕಳೆದುಕೊಂಡಂತೆ. ಈ ಖರ್ಚನ್ನು ಯಾರು ಭರಿಸುತ್ತಾರೆಂದು ಕೆಲಸದ ಪತ್ರದಲ್ಲಿ ಬರೆಸಿಕೊಳ್ಳಬೇಕೆಂದು ಹೇಳಿದ್ದು ಇದಕ್ಕೇ.

ವರದಿ

ಶಾಖೆಯಿಂದ ಹೊರಬಂದ ಅರ್ಧ ಗಂಟೆಯೊಳಗೆ ನೆನಪಿನಿಂದ ಬರೆದಿಡಿ. ಹೋದ ಹೊತ್ತು, ಕಾದ ನಿಮಿಷ, ಸಿಬ್ಬಂದಿ ಹೇಳಿದ ದರ, ಅವರು ಬಳಸಿದ ಮಾತು ಇವುಗಳನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ‘ಸರಿಯಾಗಿ ವಿವರಿಸಲಿಲ್ಲ’ ಎನ್ನುವುದಕ್ಕಿಂತ ‘ವಾರ್ಷಿಕ ದರವನ್ನು ಎರಡು ಬಾರಿ ಕೇಳಿದೆ, ಎರಡು ಬಾರಿಯೂ ತಿಂಗಳ ದರವನ್ನೇ ಹೇಳಿದರು’ ಎಂಬುದು ಉಪಯುಕ್ತ. ಕೌಂಟರಿನಲ್ಲಿ ಕುಳಿತ ಹುಡುಗನೋ ಹುಡುಗಿಯೋ ತಿಂಗಳ ಗುರಿ ಮುಟ್ಟಿಸುವ ಒತ್ತಡದಲ್ಲಿರುತ್ತಾರೆ, ನಿಮ್ಮ ಒಂದು ಸಾಲು ಅವರ ಕೆಲಸಕ್ಕೆ ಕುತ್ತು ತರಬಹುದು. ಕಂಡದ್ದನ್ನು ಮಾತ್ರ ಬರೆಯಿರಿ, ಊಹೆಯನ್ನು ಸೇರಿಸಬೇಡಿ. ಸಂಭಾವನೆ ನಿಮ್ಮ ಆದಾಯವೇ ಆದ್ದರಿಂದ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ತೋರಿಸಬೇಕು.

ಕೆಲಸ ಮುಗಿದ ಮೇಲೆ

ಅರ್ಜಿಯವರೆಗೆ ಹೋಗಿದ್ದರೆ ಒಂದು ತಿಂಗಳ ಬಳಿಕ ಸಾಲದ ವರದಿಯನ್ನು ಮತ್ತೆ ತೆರೆದು ನೋಡಿ. 2025ರಿಂದ ಸಾಲದಾತರು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾಗಿರುವುದರಿಂದ ಅಷ್ಟರಲ್ಲಿ ಬದಲಾವಣೆ ಕಾಣಬೇಕು. ಪಡೆಯದ ಸಾಲ ಪಡೆದಂತೆ ತೋರಿದರೆ, ಮುಚ್ಚಿದ ಸಾಲ ಇನ್ನೂ ತೆರೆದಿದ್ದರೆ ಸಾಲದಾತರಿಗೂ ಮಾಹಿತಿ ಕಂಪನಿಗೂ ಬರಹದಲ್ಲಿ ದೂರು ಕೊಡಿ. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯುವ ಹಕ್ಕು ನಿಮಗಿದೆ. ಅದಕ್ಕೂ ಅವರು ಬಗ್ಗದಿದ್ದರೆ ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಕೆಲಸದ ಪತ್ರ, ಅರ್ಜಿಯ ಸ್ವೀಕೃತಿ, ಸಾಲ ಬೇಡವೆಂದು ಕಳಿಸಿದ ಸಂದೇಶ, ಹಣ ಬಂದಿದ್ದರೆ ಅದನ್ನು ಹಿಂದಿರುಗಿಸಿದ ರಸೀದಿ ಮತ್ತು ಸಾಲ ಮುಕ್ತಾಯವಾದ ಪತ್ರ ಇವೆಲ್ಲವನ್ನೂ ಒಂದೇ ಕಡತದಲ್ಲಿ ಕೆಲವು ವರ್ಷ ಇಟ್ಟುಕೊಳ್ಳಿ. ಮುಂದೆ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಆ ವಿಚಾರಣೆಯ ಬಗ್ಗೆ ಕೇಳಿದರೆ ತೋರಿಸಲು ಬೇಕಾಗುವುದು ಆ ಕಡತವೇ.